ಅಮಲಿನ ಆಚೆ: ಬ್ಯಾಡಗಿಯ ಮೂಗಿಗೊಂದು ಬಿಯರ್ ಕೈಪಿಡಿ

ಹಂಗಾಮಿನ ಒಂದು ಸೋಮವಾರವೋ ಗುರುವಾರವೋ ಬ್ಯಾಡಗಿ ಮಾರುಕಟ್ಟೆಗೆ ಬಂದು, ಯಾವುದಾದರೂ ದಲಾಲಿ ಅಂಗಡಿಯ ಮುಂದೆ ಅರ್ಧ ತಾಸು ಸುಮ್ಮನೆ ನಿಂತು ನೋಡಿ. ಹೊಸಬರಿಗೆ ಮೆಣಸಿನಕಾಯಿಯ ಘಾಟಿಗೆ ಕೆಮ್ಮು, ಸೀನು, ಕಣ್ಣಲ್ಲಿ ನೀರು. ಖರೀದಿದಾರರು ಮಾತ್ರ ಏನೂ ಆಗದವರಂತೆ ಕೆಂಪು ರಾಶಿಗಳ ನಡುವೆ ಓಡಾಡುತ್ತಿರುತ್ತಾರೆ. ಒಬ್ಬಾತ ಬಗ್ಗಿ, ಮೊಣಕೈ ತನಕ ಕೈ ಇಳಿಸಿ, ರಾಶಿಯ ಹೊಟ್ಟೆಯಿಂದ ಒಂದು ಹಿಡಿ ಕಾಯಿ ಎತ್ತುತ್ತಾನೆ. ಮೇಲೆ ಕಾಣುವ ಕಾಯನ್ನು ನಂಬಿ ವ್ಯಾಪಾರ ಮಾಡುವವರು ಯಾರೂ ಇಲ್ಲ. ಮುಷ್ಟಿ ಬಿಗಿದು ಸಡಿಲಿಸುತ್ತಾನೆ. ಕಾಯಿ ಪುಡಿಯಾದರೆ ಒಣಗಿದ್ದು ಹೆಚ್ಚಾಗಿದೆ, ಮುದ್ದೆಯಾಗಿ ಉಳಿದರೆ ಇನ್ನೂ ಹಸಿ ಇದೆ, ಮೆಲ್ಲಗೆ ಮೊದಲಿನ ಆಕಾರಕ್ಕೆ ಮರಳಿದರೆ ಹದವಾಗಿದೆ. ಒಂದನ್ನು ಉದ್ದಕ್ಕೆ ಸೀಳಿ ಬೀಜ ನೋಡುತ್ತಾನೆ, ಹೊನ್ನಿನ ಬಣ್ಣವಿದೆಯೋ ಕಪ್ಪಿಟ್ಟಿದೆಯೋ ಎಂದು. ಸೀಳಿದ ಕಾಯನ್ನು ಮೂಗಿಗೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಾನೆ. ಅಷ್ಟೇ. ನಾಲಿಗೆಗೆ ಹಚ್ಚುವುದೇ ಇಲ್ಲ.

ಖಾರ ಎಷ್ಟಿದೆ ಎಂದು ಅವನು ಕೇಳದಿರುವುದಕ್ಕೆ ಕಾರಣವಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬಂದಿರುವುದು ಖಾರದಿಂದಲ್ಲ, ಬಣ್ಣದಿಂದ ಮತ್ತು ಕಂಪಿನಿಂದ. "ಖಾರ ಬೇಕಂದ್ರ ಗುಂಟೂರಿಗೆ ಹೋಗ್ರಿ, ಬಣ್ಣ ಬೇಕಂದ್ರ ಇಲ್ಲಿಗೆ ಬರ್ರಿ" ಎಂದು ನಮ್ಮ ಕಡೆಯವರು ಹೇಳುವುದು ಹೆಮ್ಮೆಯಿಂದ. ಈ ಕಾಯಿಯಲ್ಲೂ ಎರಡು ಬಗೆ. ಗಿಡ್ಡಗೆ, ದಪ್ಪಗೆ, ಬೀಜ ತುಂಬಿಕೊಂಡ ಡಬ್ಬಿ ಬೇರೆ. ಉದ್ದಗೆ, ಸಪೂರಾಗಿ, ಮೈತುಂಬ ಸುಕ್ಕಿರುವ ಕಡ್ಡಿ ಬೇರೆ. ಒಂದು ಮಸಾಲೆಗೆ ಹೆಸರುವಾಸಿ, ಇನ್ನೊಂದರ ಬಣ್ಣಕ್ಕೆ ಎಣ್ಣೆ ತೆಗೆಯುವ ಕಾರ್ಖಾನೆಗಳು ಕಾಯುತ್ತವೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದಾಗಲೂ ಈ ಕಾಯಿಯ ಹೆಗ್ಗುರುತು ಕಡುಗೆಂಪು ಬಣ್ಣ ಮತ್ತು ಸೌಮ್ಯವಾದ ಖಾರವೇ.

ಬಿಯರ್ ಬಗ್ಗೆ ಬರೆಯಲು ಕೂತು ಮೆಣಸಿನಕಾಯಿಯಿಂದ ಶುರು ಮಾಡಿದ್ದೇನೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. ಅಪ್ಪನೋ ಮಾವನೋ ಅಣ್ಣನೋ ಊರಿಂದ ಹೋದಾಗ "ಒಂದ್ ಸಂಜಿ ಬ್ರೂವರಿಗೆ ಹೋಗೂಣ ಬಾ" ಎಂದು ಕರೆಯುತ್ತಾರೆ. ಹೋದವರು ಎತ್ತರದ ಛಾವಣಿ, ಹೊಳೆಯುವ ತೊಟ್ಟಿಗಳು, ಒಂದು ಪುಟ ಬಿಯರ್ ಹೆಸರುಗಳನ್ನು ನೋಡಿ, ತಮಗೆ ಗೊತ್ತಿರುವ ಒಂದೇ ಪ್ರಶ್ನೆ ಕೇಳುತ್ತಾರೆ: "ಇದರಾಗ ಸ್ಟ್ರಾಂಗ್ ಯಾವುದೈತಿ?" ರಾಶಿಯ ಮುಂದೆ ನಿಂತು ಖಾರವೆಷ್ಟು ಎಂದು ಕೇಳಿದ ಹಾಗಾಯಿತು ಇದು. ಮೆಣಸಿನಕಾಯಿಯಲ್ಲಿ ಖಾರದ ಆಚೆ ನೋಡಲು ಕಲಿತ ಜನ ನಾವು. ಬಿಯರಿನಲ್ಲಿ ಅಮಲಿನ ಆಚೆ ನೋಡಲು ಹೊಸದಾಗಿ ಕಣ್ಣು ಮೂಗು ತರಬೇಕಾಗಿಲ್ಲ, ಇರುವುದನ್ನೇ ಅಲ್ಲಿಗೂ ಒಯ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕುಡಿಯದವರನ್ನು ಕುಡಿಯಲು ಕರೆಯುವ ಬರಹವಲ್ಲ ಇದು. ಸಾರಾಯಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆ ಮುರಿಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮ ಓಣಿಯ ಹೆಂಗಸರ ಮುಖದಲ್ಲಿ ಕಂಡ ನೆಮ್ಮದಿಯನ್ನು ಮರೆತಿಲ್ಲ. ಕುಡಿಯುವ ವಯಸ್ಸಾಗದ ಹುಡುಗರು, ಕುಡಿತದಿಂದ ನೊಂದ ಮನೆಯವರು, ಗಾಡಿ ಓಡಿಸಬೇಕಾದವರು ಇದನ್ನು ಓದುವುದಕ್ಕಷ್ಟೇ ಇಟ್ಟುಕೊಳ್ಳಲಿ. ಉಳಿದವರಿಗೆ ಹೇಳುವುದಿಷ್ಟೇ: ರುಚಿಗಾಗಿ ಕುಡಿಯುವವನಿಗೆ ಎರಡು ಲೋಟ ಧಾರಾಳವಾಯಿತು, ಅಮಲಿಗಾಗಿ ಕುಡಿಯುವವನಿಗೆ ಎಷ್ಟೂ ಸಾಲದು.

ಬೆಂಗಳೂರಿಗೂ ಬಿಯರಿಗೂ ಹಳೆಯ ನಂಟು. ದಂಡಿನ ಸೈನಿಕರಿಗಾಗಿ ಹುಟ್ಟಿದ ಧಂದೆ ಅದು. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ವ್ಯಕ್ತಿ 1915ರಲ್ಲಿ ದಕ್ಷಿಣದ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಯ ಮೇಲೆ ಹೇರಿ ಪಡೆಗಳಿಗೆ ಒಯ್ಯುತ್ತಿದ್ದ ಕಾಲ. ಸ್ವಾತಂತ್ರ್ಯದ ಹೊತ್ತಿಗೆ ಅದು ಉದ್ಯಮಿ ವಿಟ್ಠಲ ಮಲ್ಯರ ಕೈಗೆ ಬಂತು. ಹಳೆಯ ಗ್ರಾಂಟ್ ರಸ್ತೆಗೆ ಈಗ ಅವರದೇ ಹೆಸರು. ಆ ರಸ್ತೆಯ ಬದಿಯಲ್ಲಿದ್ದ ಬ್ರೂವರಿಯ ಜಾಗದಲ್ಲಿ ಇಂದು ಯುಬಿ ಸಿಟಿಯ ಗಾಜಿನ ಗೋಪುರಗಳು ನಿಂತಿವೆ. ಅದರ ಮುಂದೆ ಹಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬ್ರೂವರಿಯ ಕಟ್ಟಡವೆಂದರೆ ದಪ್ಪ ಗೋಡೆ, ಎತ್ತರದ ಮಾಡು, ಭಾರ ಹೊರುವ ನೆಲ, ಒಳಗೊಂದು ತಂಪು. ಅಂಥದ್ದೊಂದನ್ನು ಉಳಿಸಿಕೊಂಡು ಅದರೊಳಗೇ ಈಗಿನ ಬ್ರೂವರಿ ನಡೆಸಬಹುದಿತ್ತಲ್ಲ. ಪ್ರಾಗ್ ನಗರದಲ್ಲಿ ಉ ಫ್ಲೇಕು ಎಂಬ ಮನೆಯಿದೆ. 1499ರಿಂದ ಅಲ್ಲೇ ಬಿಯರ್ ಕುದಿಸಿ, ಅಲ್ಲೇ ಬಡಿಸುತ್ತಾ ಬಂದಿದ್ದಾರೆ. ನಮ್ಮ ನಗರ ತನ್ನ ನೂರು ವರ್ಷದ ಬ್ರೂವರಿಯನ್ನೇ ಉಳಿಸಿಕೊಳ್ಳಲಿಲ್ಲ.

ಆದರೂ ನಂಟು ಪೂರ್ತಿ ಕಡಿಯಲಿಲ್ಲ. ಕುಡಿಯುವ ಜಾಗದಲ್ಲೇ ಬಿಯರ್ ತಯಾರಿಸಲು ಸರ್ಕಾರ ಅನುಮತಿ ಕೊಟ್ಟ ಮೇಲೆ, 2011ರಲ್ಲಿ, ಅದೇ ವಿಟ್ಠಲ ಮಲ್ಯ ರಸ್ತೆಯಲ್ಲಿ ಬಿಯೆರ್ ಕ್ಲಬ್ ತೆರೆಯಿತು. ದೊಡ್ಡ ಬ್ರೂವರಿ ಹೋದ ರಸ್ತೆಗೇ ಪುಟ್ಟ ಬ್ರೂವರಿ ಬಂತು. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್ ಕೂಡ ಅದೇ ಹೊತ್ತಿನದು. 2012ರಲ್ಲಿ ಅಮೆರಿಕದ ಆ್ಯನ್ ಆರ್ಬರ್ ಊರಿನ ನಂಟು ಹಿಡಿದು ಆರ್ಬರ್ ಬ್ರೂಯಿಂಗ್ ಕಂಪನಿ ಮ್ಯಾಗ್ರಾತ್ ರಸ್ತೆಗೆ ಬಂತು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಲ್ಲಿ ಜಾಜ್ ಸಂಗೀತಕ್ಕೊಂದು ರಂಗಮಂದಿರ, ಗೋಡೆ ತುಂಬ ಪುಸ್ತಕ. ಆಮೇಲೆ ಎಣಿಸಲಾಗದಷ್ಟು ಹುಟ್ಟಿಕೊಂಡವು. ಹಳೆಯ ಕಟ್ಟಡದ ಸೊಗಸು ಬೇಕೇ ಬೇಕು ಎನ್ನುವವರು ಮುಂಬೈಗೆ ಹೋದಾಗ ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಕಂಪೌಂಡಿಗೆ ಹೋಗಿ ಬನ್ನಿ. ನಮ್ಮ ಬೆಂಗಳೂರಿನ ಟಾಯ್ಟ್ ಅಲ್ಲೂ ಒಂದು ಮನೆ ಮಾಡಿದೆ. ಒಂದು ಕಾಲಕ್ಕೆ ನಮ್ಮ ಕಡೆಯ ಜನರೂ ಹೊಟ್ಟೆಪಾಡಿಗೆ ಸೇರಿದ್ದ ಮುಂಬೈ ಗಿರಣಿಗಳ ಸೀಮೆ ಅದು. ಆ ಅಂಗಳದಲ್ಲಿ ನಿಂತರೆ ಭೋಂಗಾದ ಸದ್ದು ಕಿವಿಗೆ ಬಂದಂತಾಗುತ್ತದೆ.

ಎಲ್ಲಿಗೇ ಹೋಗಿ, ಕುರ್ಚಿ ಹಿಡಿಯುವ ಮೊದಲು ತೊಟ್ಟಿಗಳ ಹತ್ತಿರ ಹೋಗಿ ನಿಲ್ಲಿ. ಗಾಜಿನಾಚೆ ಹೊಳೆಯುವ ಉಕ್ಕಿನ ಹಂಡೆಗಳು ಅಲಂಕಾರಕ್ಕಿಟ್ಟವಲ್ಲ. ಅವೇ ಈ ಮನೆಯ ಒಲೆ ಮತ್ತು ಹುದುಗಿನ ಗಡಿಗೆ. ಕುದಿ ಇಟ್ಟ ದಿನವಾದರೆ ಗಾಳಿಯಲ್ಲೇ ಒಂದು ವಾಸನೆ ತೇಲುತ್ತಿರುತ್ತದೆ, ಬೆಲ್ಲದ ಗಂಜಿಗೂ ಹುರಿದ ಹಿಟ್ಟಿಗೂ ನಡುವಿನದು. ಆ ವಾಸನೆ ನಿಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ ಕೂಸಿಗೆ ಗಂಜಿ ಮಾಡುವುದಿಲ್ಲವೇ? ಮೊಳಕೆಯ ಹಿಟ್ಟಿನ ಗಂಜಿ ತೆಳ್ಳಗೆ, ತುಸು ಸಿಹಿಯಾಗಿ ಆಗುತ್ತದೆ. ಮೊಳಕೆ ಒಡೆದ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಾನೇ ಹುಟ್ಟಿಸಿಕೊಂಡಿರುತ್ತದೆ. ಬಿಯರಿನ ಮಾಲ್ಟ್ ಎಂದರೆ ಇದೇ, ರಾಗಿಯ ಜಾಗದಲ್ಲಿ ಜವೆಗೋದಿ. ಅದನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಸಿಹಿನೀರು ಇಳಿಯುತ್ತದೆ. ಇನ್ನೂ ಕಾವು ಹೆಚ್ಚಿದರೆ ಕಿಣ್ವ ಸಾಯುತ್ತದೆ, ಕಡಿಮೆಯಾದರೆ ಕೆಲಸಕ್ಕೆ ಏಳುವುದಿಲ್ಲ. ಬಸಿದುಳಿದ ಕಾಳು ಬೂಸಾ ಆಗಿ ದನಕ್ಕೆ ಹೋಗುತ್ತದೆ.

ಆ ಸಿಹಿನೀರನ್ನು ಕುದಿಸುವಾಗ ಹಾಪ್ಸ್ ಬೀಳುತ್ತದೆ. ಬಳ್ಳಿಯ ಹೂವು ಅದು, ಹಸಿರು ಪುಟ್ಟ ಮೊಗ್ಗಿನಂತೆ, ಬಿಡಿಸಿದರೆ ಒಳಗೆ ಹಳದಿ ಪುಡಿ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಮೊದಲಿಗೆ ಹಾಕಿದರೆ ಕುದ್ದು ಕುದ್ದು ಕಹಿ ಬಿಡುತ್ತದೆ, ಕೊನೆಗೆ ಹಾಕಿದರೆ ಕಹಿಗಿಂತ ಕಂಪು ಉಳಿಯುತ್ತದೆ. ಸಾರಿಗೆ ಕೊತ್ತಂಬರಿಯನ್ನು ಇಳಿಸುವ ಹೊತ್ತಿಗೇ ಹಾಕುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಆರಿಸಿ, ಈಸ್ಟ್ ಸೇರಿಸಿ, ಬಿಡುವುದು. ಜೋಳದ ಅಂಬಲಿಯನ್ನು ಹುಳಿಗೆ ಬಿಟ್ಟಂತೆಯೇ ಇದು. ಅಲ್ಲಿ ಕೆಲಸ ಮಾಡುವ ಜೀವಿ ಹುಳಿ ಕೊಡುತ್ತದೆ, ಇಲ್ಲಿನದು ಮದ್ಯಸಾರ, ಗುಳ್ಳೆ ಮತ್ತು ಹತ್ತಾರು ವಾಸನೆಗಳನ್ನು ಕೊಡುತ್ತದೆ. ಬವೇರಿಯಾದವರು 1516ರಲ್ಲಿ ನೀರು, ಜವೆಗೋದಿ, ಹಾಪ್ಸ್ ಬಿಟ್ಟು ಬೇರೇನೂ ಹಾಕಬಾರದೆಂದು ಕಾನೂನು ಮಾಡಿದರು. ಆ ಪಟ್ಟಿಯಲ್ಲಿ ಈಸ್ಟಿನ ಹೆಸರೇ ಇಲ್ಲ. ಅದು ಜೀವಂತವೆಂದು ತೋರಿಸಿ ಪಾಶ್ಚರ್ ಬಿಯರ್ ಕುರಿತೇ ಒಂದು ಗ್ರಂಥ ಬರೆಯುವ ಹೊತ್ತಿಗೆ 1876 ಬಂದಿತ್ತು.

ಬಿಯರುಗಳ ಹೆಸರಿನ ಕಾಡಿನಲ್ಲಿ ದಾರಿ ಹುಡುಕಲು ಒಂದೇ ಕವಲು ಗೊತ್ತಿದ್ದರೆ ಸಾಕು. ಏಲ್ ಎಂದರೆ ಕೋಣೆಯ ಬೆಚ್ಚಗಿನಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿ, ಬೇಗ ಹುದುಗಿದ್ದು. ಅದರಲ್ಲಿ ಈಸ್ಟ್ ತನ್ನ ವಾಸನೆಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟಿರುತ್ತದೆ. ಲಾಗರ್ ಎಂದರೆ 10 ಡಿಗ್ರಿಯ ತಂಪಿನಲ್ಲಿ ವಾರಗಟ್ಟಲೆ ನಿಧಾನವಾಗಿ ಆದದ್ದು, ತಿಳಿ, ಸ್ವಚ್ಛ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವುದು ಬಹುಪಾಲು ಲಾಗರೇ. ಹೀಗಾಗಿ ಬಾಟಲಿಯಷ್ಟೇ ಕಂಡವರು ಮೊದಲ ಸಲ ಏಲ್ ಕುಡಿದಾಗ "ಇದು ಬಿಯರೇನಾ?" ಎಂದು ಬೆರಗಾಗುವುದು ಸಹಜ.

ಈಗ ಲೋಟಕ್ಕೆ ಬರೋಣ. ದೊಡ್ಡ ಮಗ್ ತರಿಸಬೇಡಿ. ಹೆಚ್ಚಿನ ಕಡೆ ನಾಲ್ಕಾರು ಪುಟ್ಟ ಲೋಟಗಳನ್ನು ಒಂದೇ ಹಲಗೆಯಲ್ಲಿಟ್ಟು ಕೊಡುತ್ತಾರೆ, ಅದನ್ನು ಕೇಳಿ. ಐದು ರಾಶಿಯ ಮಾದರಿ ನೋಡದೆ ಒಂದರ ಮೇಲೆ ಟೆಂಡರ್ ಹಾಕುವವರುಂಟೇ? ತಿಳಿ ಬಣ್ಣದ್ದರಿಂದ ಕಪ್ಪಿನ ಕಡೆಗೆ, ಕಹಿ ಕಡಿಮೆಯದ್ದರಿಂದ ಹೆಚ್ಚಿನದರ ಕಡೆಗೆ ಸಾಗಿ. ತಿರುವುಮುರುವು ಹೋದರೆ ನಾಲಿಗೆ ಮೊದಲ ಲೋಟಕ್ಕೇ ಸೋತುಬಿಡುತ್ತದೆ.

ಹಲಗೆಯಲ್ಲಿರುವುದರಲ್ಲಿ ಒಂದನ್ನು ಮಾತ್ರ ನಿಧಾನವಾಗಿ ನೋಡೋಣ. ಜರ್ಮನ್ ಗೋದಿ ಬಿಯರ್, ಹೆಫೆವೈಟ್ಸನ್. ಟಾಯ್ಟ್‌ನಲ್ಲಿ ಅದಕ್ಕೆ ಟಾಯ್ಟ್ ವೈಸ್ ಎಂದು ಹೆಸರು, ಆರ್ಬರಿನಲ್ಲಿ ಬ್ಯಾಂಗಲೋರ್ ಬ್ಲಿಸ್. ಬೆಂಗಳೂರಿನ ಜನ ಕ್ರಾಫ್ಟ್ ಬಿಯರಿಗೆ ಮನಸೋತದ್ದು ಇದರಿಂದಲೇ ಎಂದು ನನ್ನ ನಂಬಿಕೆ. ಲೋಟವನ್ನು ಬೆಳಕಿಗೆ ಹಿಡಿಯಿರಿ. ಕಲಕಿದಂತಿದೆ, ಮಾಗಿದ ನಿಂಬೆಯ ಸಿಪ್ಪೆಯ ಹಳದಿ. ಕಲಕು ಕಂಡು ಹಿಂಜರಿಯಬೇಡಿ. ಈಸ್ಟನ್ನು ಸೋಸದೆ ಬಿಟ್ಟಿದ್ದಾರೆ, ಅರ್ಧಕ್ಕೂ ಹೆಚ್ಚು ಗೋದಿ ಇದೆ, ಅದಕ್ಕೇ ಈ ಮಬ್ಬು. ನೊರೆ ನೋಡಿ. ಎರಡು ಬೆರಳು ಎತ್ತರಕ್ಕೆ ನಿಂತು, ಇಳಿಯುವಾಗ ಲೋಟದ ಒಳಮೈಗೆ ಬಲೆಯಂತೆ ಅಂಟಿಕೊಂಡರೆ ಲೋಟ ಸ್ವಚ್ಛವಾಗಿದೆ, ಬಿಯರ್ ಚೆನ್ನಾಗಿದೆ. ನೊರೆ ತೆಗೆಸಿ ಕೊಡಿರೆಂದು ನಮ್ಮವರು ಪಟ್ಟು ಹಿಡಿಯುವುದುಂಟು, ಕೊಟ್ಟ ಕಾಸಿಗೆ ಕಡಿಮೆ ಬಂತೆಂದು. ಹಾಗೆ ಮಾಡಬೇಡಿ, ಕಂಪು ಇರುವುದೇ ಅದರಲ್ಲಿ.

ಈಗ ಮೂಗು. ಲೋಟವನ್ನು ಮೂಗಿನ ಕೆಳಗೆ ತಂದು ಮೆಲ್ಲಗೆ ಎರಡು ಸಲ ಎಳೆದುಕೊಳ್ಳಿ. ಮೊದಲು ಬರುವುದು ಬಾಳೆಹಣ್ಣು, ಅದರಲ್ಲೂ ಸಿಪ್ಪೆಗೆ ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆ. ಅದರ ಹಿಂದೆಯೇ ಲವಂಗ. ತೊಟ್ಟಿಯೊಳಗೆ ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಎರಡನ್ನೂ ಈಸ್ಟ್ ಹುದುಗುವಾಗ ತಾನಾಗಿ ಹುಟ್ಟಿಸಿದೆ. ಬಾಳೆಹಣ್ಣಿನ ಕಂಪಿಗೆ ಕಾರಣವಾದ ಐಸೋಅಮೈಲ್ ಅಸಿಟೇಟ್ ಬಾಳೆಯಲ್ಲಿರುವುದೂ ಇಲ್ಲಿರುವುದೂ ಒಂದೇ. ಹುದುಗುವಾಗ ಕಾವು ಏರಿದರೆ ಬಾಳೆ ಮುಂದಾಗುತ್ತದೆ, ತಂಪಾಗಿಟ್ಟರೆ ಲವಂಗ ಎದ್ದು ಕಾಣುತ್ತದೆ. ಬ್ರೂವರ್ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತಾನೆ ಎಂಬುದರಲ್ಲೇ ಅವನ ಕೈಗುಣವಿದೆ. ಇದು ಗೊತ್ತಾದ ದಿನ ನಾನು ಅದೇ ಲೋಟವನ್ನು ಕಾಲು ತಾಸು ಮೂಸುತ್ತಲೇ ಕೂತಿದ್ದೆ. ಹಾವೇರಿಯನ್ನು ಏಲಕ್ಕಿ ಕಂಪಿನ ನಾಡು ಎನ್ನುತ್ತಾರೆ. ಏಲಕ್ಕಿ ಹಾರ ಕೊರಳಿಗೆ ಬಿದ್ದಾಗ ಮೊದಲು ಸಿಹಿ, ಆಮೇಲೆ ಕರ್ಪೂರದಂಥ ತಣ್ಣನೆಯ ಘಮ ಎಂದು ಬೇರ್ಪಡಿಸಿ ಗುರುತಿಸಬಲ್ಲವರಿಗೆ ಬಾಳೆ ಲವಂಗವನ್ನು ಬಿಡಿಸುವುದು ಕಷ್ಟವಾಗದು.

ಆಮೇಲೆ ನಾಲಿಗೆ. ಒಂದು ಗುಟುಕು ತೆಗೆದುಕೊಂಡು ಕೂಡಲೇ ನುಂಗದೆ ಬಾಯಲ್ಲಿ ಒಮ್ಮೆ ಸುತ್ತಾಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ನುಂಗಿದ ಮೇಲೆ ಬರುವ ರುಚಿಯೇ ಬಿಯರಿನ ನಿಜವಾದ ಮಾತು. ಗೋದಿ ಬಿಯರಿನಲ್ಲಿ ಅದು ಮೆತ್ತಗೆ, ಆಗಷ್ಟೇ ಬೇಯಿಸಿದ ರೊಟ್ಟಿಯ ಒಳಮೈಯಂತೆ. ಕಹಿ ಇದ್ದೂ ಇಲ್ಲದಂತೆ. ಇನ್ನೊಂದು ಗುಟ್ಟು: ಐಸ್‌ನಂತೆ ತಣ್ಣಗಿರುವ ಬಿಯರಿಗೆ ವಾಸನೆಯೇ ಇರುವುದಿಲ್ಲ. ಲೋಟವನ್ನು ಅಂಗೈಯಲ್ಲಿ ಹಿಡಿದು ಐದಾರು ನಿಮಿಷ ಬಿಡಿ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದದ್ದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಲ್ಜಿಯಂ ಮಾದರಿಯ ಗೋದಿ ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ, ಟಾಯ್ಟ್‌ನ ಟಿನ್‌ಟಿನ್ ಆ ಬಗೆಯದು. ಅವರದೇ ಬಾಸ್ಮತಿ ಬ್ಲಾಂಡ್‌ನಲ್ಲಿ ಅಕ್ಕಿ ಇದೆ, ಮೊದಲ ಸಲ ಬಂದವರಿಗೆ ಹಗುರ. ಸ್ಟೌಟ್ ಕಪ್ಪಗೆ, ಜವೆಯನ್ನು ಕಾಫಿ ಬೀಜದಂತೆ ಹುರಿದದ್ದು. ಕಪ್ಪೆಂದರೆ ಅಮಲು ಹೆಚ್ಚೆಂದು ತಿಳಿಯುವುದು ದೊಡ್ಡ ತಪ್ಪು, ಎಷ್ಟೋ ಸ್ಟೌಟ್‌ಗಳು ಗೋದಿ ಬಿಯರಿಗಿಂತ ಸೌಮ್ಯ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬುದರ ಹೆಸರಿನಲ್ಲೇ ಇಂಡಿಯಾ ಇದೆ. ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿದ್ದ, ಹಾಪ್ಸ್ ಹೆಚ್ಚಾಗಿ ಬಿದ್ದ ತಿಳಿ ಏಲ್‌ಗೆ ಬಂದ ಹೆಸರು. ಕಹಿ ಜೋರು. ಮೊದಲ ಭೇಟಿಗೆ ಬೇಡ, ಮೂರನೆಯದಕ್ಕೆ ಇರಲಿ.

ಪಟ್ಟಿಯಲ್ಲಿ ಹೆಸರಿನ ಪಕ್ಕ ಅಂಕಿಗಳಿರುತ್ತವೆ. ಅವನ್ನು ಓದುವುದೂ ನಮಗೆ ಸಲೀಸು. ಶೇಕಡಾವಾರು ಬರೆದಿರುವುದು ಮದ್ಯಸಾರ, ಗೋದಿ ಬಿಯರಿನಲ್ಲಿ 5ರ ಆಸುಪಾಸು. ಐಬಿಯು ಎಂದರೆ ಕಹಿಯ ಅಳತೆ, ಗೋದಿ ಬಿಯರಿಗೆ 10ರಿಂದ 15, ಐಪಿಎಗೆ 40ರಿಂದ 70. ಮೆಣಸಿನಕಾಯಿಯ ಖಾರಕ್ಕೆ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ 1912ರಲ್ಲಿ ಒಂದು ಅಳತೆ ಮಾಡಿಕೊಟ್ಟನಲ್ಲ, ಅದರ ಅಣ್ಣತಮ್ಮನೇ ಇದು. ಬಣ್ಣದ ಕತೆ ಇನ್ನೂ ಚಂದ. ಬ್ಯಾಡಗಿ ಕಾಯಿಯ ಬಣ್ಣವನ್ನು ಆಸ್ಟಾ ಮೌಲ್ಯವೆಂದು ಅಳೆಯುತ್ತಾರೆ: ಪುಡಿಯ ಬಣ್ಣವನ್ನು ಅಸಿಟೋನಿಗೆ ಇಳಿಸಿ, 460 ನ್ಯಾನೋಮೀಟರಿನ ಬೆಳಕು ಹಾಯಿಸಿ, ಎಷ್ಟು ಹೀರಿತೆಂದು ನೋಡುವುದು. ಬಿಯರಿನ ಬಣ್ಣಕ್ಕೆ ಎಸ್‌ಆರ್‌ಎಂ ಎಂಬ ಅಳತೆ. ಅದೇ ಬಗೆಯ ಯಂತ್ರ, ಬೆಳಕು ಮಾತ್ರ 430 ನ್ಯಾನೋಮೀಟರು. ನಮ್ಮೂರಿನ ಕಾಯಿಯನ್ನೂ ಈ ಲೋಟವನ್ನೂ ಬೆಳಕಿನ ಮುಂದೆ ಹಿಡಿದು ತೀರ್ಪು ಕೊಡುವ ಕಣ್ಣು ಒಂದೇ ಎಂದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಳ್ಳೆಯದನ್ನು ಗುರುತಿಸಲು ಕೆಟ್ಟದ್ದೂ ಗೊತ್ತಿರಬೇಕು. ನಾನು ಮೊಟ್ಟಮೊದಲು ಹೋದ ಬ್ರೂವರಿಯಲ್ಲಿ, ಹೆಸರು ಬೇಡ, ಕೊಟ್ಟ ಲಾಗರಿಗೆ ಬೆಣ್ಣೆ ಬಿಸ್ಕತ್ತಿನ ವಾಸನೆಯಿತ್ತು. ಕ್ರಾಫ್ಟ್ ಬಿಯರ್ ಎಂದರೆ ಹೀಗೇ ಇರುತ್ತದೇನೋ ಎಂದುಕೊಂಡು ಮೆಚ್ಚಿಯೇ ಕುಡಿದೆ. ವರ್ಷದ ಮೇಲೆ ತಿಳಿಯಿತು, ಅದು ಡೈಅಸಿಟೈಲ್. ಹುದುಗು ಪೂರ್ತಿಯಾಗುವ ಮೊದಲೇ ಅವಸರದಲ್ಲಿ ಇಳಿಸಿದ ಬಿಯರಿನಲ್ಲಿ ಉಳಿದುಬಿಡುವ ದೋಷ. ಇಂಥ ಇನ್ನೂ ಕೆಲವಿವೆ. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳಸು. ಬೇಯಿಸಿದ ಗೋವಿನಜೋಳದ ವಾಸನೆ ಬಂದರೆ ಕುದಿ ಸಾಲದು. ಹುಳಿ ಬಿಯರ್ ಎಂದೇ ಬರೆದಿಲ್ಲದ ಲೋಟದಲ್ಲಿ ಹುಳಿ ಬಂದರೆ ಎಲ್ಲೋ ಸ್ವಚ್ಛತೆ ತಪ್ಪಿದೆ. ಮುಗ್ಗಲು ಹಿಡಿದ ಚೀಲವನ್ನು ಹತ್ತು ಮಾರು ದೂರದಿಂದಲೇ ಪತ್ತೆ ಹಚ್ಚುವ ಮೂಗು ನಮ್ಮದು. ಸಂಶಯ ಬಂದರೆ ಬಡಿಸುವವರಿಗೆ ಸಮಾಧಾನದಿಂದ ಹೇಳಿ. ಒಳ್ಳೆಯ ಮನೆಯವರು ವಾದಿಸುವುದಿಲ್ಲ, ಲೋಟ ಬದಲಿಸುತ್ತಾರೆ.

ನೀರಿನ ಬಗ್ಗೆಯೂ ಒಂದು ಮಾತು. ಸವಳು ನೀರಿನಲ್ಲಿ ಮಾಡಿದ ಚಹಾಕ್ಕೂ ಸಿಹಿನೀರಿನ ಚಹಾಕ್ಕೂ ಇರುವ ಅಂತರ ನಮ್ಮ ಕೊಳವೆಬಾವಿಯ ಊರುಗಳಿಗೆ ಗೊತ್ತು. ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಜೆಕ್ ದೇಶದ ಪಿಲ್ಸೆನ್ನಿನ ಮೆದು ನೀರಿನಿಂದ ತಿಳಿ ಲಾಗರ್, ಇಂಗ್ಲೆಂಡಿನ ಬರ್ಟನ್ನಿನ ಜಿಪ್ಸಂ ತುಂಬಿದ ಗಡಸು ನೀರಿನಿಂದ ಕಹಿ ಏಲ್ ಹೆಸರು ಮಾಡಿದವು. ಈಗ ನೀರನ್ನು ಸೋಸಿ ಬೇಕಾದ ಲವಣ ಬೆರೆಸಿಕೊಳ್ಳುತ್ತಾರೆ.

ತಿನಿಸಿನ ವಿಷಯದಲ್ಲಿ ನಮ್ಮವರು ತಪ್ಪುವ ಜಾಗವೊಂದಿದೆ. ಖಾರ ತಿಂದು ಬಿಯರ್ ಕುಡಿದರೆ ಉರಿ ಆರುತ್ತದೆಂದು ನಂಬಿಕೆ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ನೂರಕ್ಕೆ 5 ಪಾಲು ಮದ್ಯಸಾರ ಅದನ್ನು ತೊಳೆಯಲು ಏನೇನೂ ಸಾಲದು. ಗುಳ್ಳೆಗಳು ಉರಿಯನ್ನು ಇನ್ನಷ್ಟು ಕೆದಕುತ್ತವೆ, ಹಾಪ್ಸಿನ ಕಹಿ ಅದಕ್ಕೆ ತುಪ್ಪ ಸುರಿಯುತ್ತದೆ. ಮಿರ್ಚಿ ಭಜ್ಜಿಯ ಜೊತೆ ಐಪಿಎ ಬೇಡವೇ ಬೇಡ. ಮಂಡಕ್ಕಿ, ಗಿರ್ಮಿಟ್ಟಿನಂಥ ಹಗುರ ತಿನಿಸಿಗೆ ತಿಳಿ ಲಾಗರ್ ಸಾಕು. ಗೋದಿ ಬಿಯರಿನ ಮೆದುತನ ಹುಳಿ-ಖಾರಕ್ಕೆ ಒಗ್ಗುತ್ತದೆ.

ಇನ್ನು ಘೀ ರೋಸ್ಟ್. ಬೆಂಗಳೂರಿನ ಎಷ್ಟೋ ಬ್ರೂವರಿಗಳ ಊಟದ ಪಟ್ಟಿಯಲ್ಲಿ ಈ ಕುಂದಾಪುರದ ಕೂಸು ಇರುತ್ತದೆ, ಕೋಳಿಯದೋ ಸಿಗಡಿಯದೋ ಪನೀರಿನದೋ. ಆ ಕೆಂಪು ಎಲ್ಲಿಂದ ಬಂತು? ತುಪ್ಪದಲ್ಲಿ ಹುರಿದು ಅರೆದ ಬ್ಯಾಡಗಿ ಮೆಣಸಿನಕಾಯಿಯಿಂದ. ಬೇರೆ ಕಾಯಿ ಹಾಕಿದರೆ ಆ ಬಣ್ಣಕ್ಕೆ ಬೇಕಾದಷ್ಟು ಮಸಾಲೆಯಲ್ಲಿ ಬಾಯಿ ಸುಟ್ಟುಹೋಗುತ್ತದೆ. ತಟ್ಟೆ ಮುಂದೆ ಬಂದಾಗ ಅಂಚಿನಲ್ಲಿ ಒಸರುವ ಕೆಂಪು ತುಪ್ಪವನ್ನು ನೋಡಿ. ನಮ್ಮ ಹೆಂಗಸರು ಗೋದಾಮುಗಳಲ್ಲಿ ದಿನವಿಡೀ ಕೂತು ತೊಟ್ಟು ಬಿಡಿಸಿದ ಕಾಯಿ ಅದು. ಇದರ ಜೊತೆಗೆ ಅಂಬರ್ ಏಲ್, ಇಲ್ಲವೇ ಕಂದು ಬಣ್ಣದ ಡಂಕೆಲ್ ತರಿಸಿ. ಹುರಿದ ಮಾಲ್ಟಿನ ಸಿಹಿ, ಹುರಿದ ಮೆಣಸಿನ ಹೊಗೆ, ತುಪ್ಪ, ಹುಣಸೆ, ನಾಲ್ಕೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನನ್ನ ಮಟ್ಟಿಗೆ ಬೆಂಗಳೂರು ಕೊಡಬಹುದಾದ ಅತ್ಯುತ್ತಮ ಜೋಡಿ ಇದು.

ಪಾನವನ್ನು ರಸಿಕತೆಯಿಂದ ಕಾಣುವುದು ಹೊರಗಿನಿಂದ ಬಂದ ಚಾಳಿಯೆಂದು ಭಾವಿಸುವವರಿಗೆ ಎರಡು ಹೆಸರು ಹೇಳಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅಡುಗೆಯ ಜೊತೆಗೆ ಪಾನೀಯಗಳ ಮಾತೂ ಇದೆ. ಅದೇ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ಹೆಂಡದ ಮಾರಯ್ಯ ಶರಣನಾದ, ವಚನ ಬರೆದ. ಮಾರುವ ಸರಕು ಯಾವುದೆಂದು ಕೇಳದೆ ಅವನನ್ನು ಒಳಗೆ ಕೂರಿಸಿಕೊಂಡ ಪರಂಪರೆ ನಮ್ಮದು.

ಹೋಗುವುದಾದರೆ ವಾರದ ನಡುವಿನ ಸಂಜೆ, ಐದರ ಸುಮಾರಿಗೆ ಹೋಗಿ. ಶನಿವಾರ ರಾತ್ರಿಯ ಗದ್ದಲದಲ್ಲಿ ನಿಮ್ಮ ಮಾತೇ ನಿಮಗೆ ಕೇಳುವುದಿಲ್ಲ. ಬೆಂಗಳೂರಿನ ಮಳೆಗಾಲದ ಸಂಜೆಯಾದರೆ ಕೇಳುವುದೇ ಬೇಡ. ನಡುನಡುವೆ ನೀರು ಕುಡಿಯಿರಿ. ವಾಪಸಾಗಲು ಮೆಟ್ರೋ ಇದೆ, ಬಾಡಿಗೆ ಕಾರಿದೆ. ಯಾವುದೂ ಸಿಗದಿದ್ದರೆ ಕುಡಿಯುವುದನ್ನೇ ಬಿಡಿ. ಮುಖ್ಯವಾಗಿ, ಜನ ಕಡಿಮೆ ಇದ್ದರೆ ಬ್ರೂವರ್ ಅವರನ್ನು ಭೇಟಿ ಮಾಡಬಹುದೇ ಎಂದು ಕೇಳಿ. ಬಹಳಷ್ಟು ಮಂದಿ ಚಿಕ್ಕ ವಯಸ್ಸಿನವರು, ತಮ್ಮ ಕೆಲಸದ ಬಗ್ಗೆ ಕೇಳುವವರು ಸಿಕ್ಕರೆ ಹಿಗ್ಗುತ್ತಾರೆ.

ಕಳೆದ ಸಲ ಹೋದಾಗ ಅಂಥ ಒಬ್ಬ ಹುಡುಗ ಗಾಜಿನ ಬಾಗಿಲು ತೆರೆದು ಒಳಗೆ ಕರೆದ. ಚೀಲದಿಂದ ಒಂದು ಹಿಡಿ ಮಾಲ್ಟ್ ತೆಗೆದು ಅಂಗೈಗೆ ಹಾಕಿ, ಅಗಿಯಿರಿ ಎಂದ. ಗರಿಗರಿ, ಮೊದಲು ಹಿಟ್ಟು, ಆಮೇಲೆ ನಿಧಾನವಾಗಿ ಸಿಹಿ. ನನ್ನ ಕೈಚೀಲದಲ್ಲಿ ತಂಗಿಯ ಮನೆಗೆಂದು ಒಯ್ದ ಡಬ್ಬಿ ಕಾಯಿಯ ಪೊಟ್ಟಣವಿತ್ತು. ಬಿಚ್ಚಿ ಎರಡು ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಉಗುರಿನಿಂದ ಉದ್ದಕ್ಕೆ ಸೀಳಿದ. ಬೀಜ ನೋಡಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದ. ಹೀಗೆ ನೋಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಖಾರ ಎಷ್ಟು?" ಎಂದು ಕೇಳಲಿಲ್ಲ. "ಒಣದ್ರಾಕ್ಷಿ ವಾಸನೆ ಇದೆಯಲ್ಲ ಸರ್ ಇದರಲ್ಲಿ" ಎಂದ. ಕುದಿಯ ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಬಣ್ಣ ಬಿಡುತ್ತದೆಯೇ, ಎಣ್ಣೆಯಂಶ ನೊರೆಯನ್ನು ಕೆಡಿಸುತ್ತದೆಯೇ, ಬೀಜ ತೆಗೆಯಬೇಕೇ, ಹುರಿಯಬೇಕೇ ಎಂದು ಒಂದರ ಹಿಂದೊಂದು ಕೇಳುತ್ತಾ ಹೋದ. ಬೀಜ ತೆಗೆದು, ಬಿಸಿ ಹೆಂಚಿನ ಮೇಲೆ ಒಂದು ಸುತ್ತು ಬೆಚ್ಚಗೆ ಮಾಡಿ ನೋಡು ಎಂದೆ. ತೊಟ್ಟಿಯ ಗಂಟೆ ಬಡಿಯಿತು. ಎರಡೂ ಕಾಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಾವು ನೋಡಲು ಏಣಿ ಹತ್ತಿದ.